ಮೋರಿ ದಾಟದ ಕಂಟೇನರ್

ತೊಂಬತ್ತೇಳರಲ್ಲಿ ನಾನು ಮದುವೆಯಾಗಿ ಬ್ರಹ್ಮಾವರದಿಂದ ಕುಂದಾಪುರದ ಹತ್ತಿರದ ತಲ್ಲೂರಿನ ಕಡೆಗೆ ಬಂದೆ. ಗಂಡನ ಮನೆಯವರದ್ದು ಗೇರುಬೀಜದ ಫ್ಯಾಕ್ಟರಿ. ಹೆದ್ದಾರಿ ಬಿಟ್ಟು ಹೊಳೆಯ ಕಡೆಗೆ ಒಂದು ಇಕ್ಕಟ್ಟಿನ ರಸ್ತೆಯಲ್ಲಿ ಇಳಿದರೆ ಮೊದಲು ಬೀಜ ಬೇಯಿಸುವ ಘಾಟು ಮೂಗಿಗೆ ಬಡಿಯುತ್ತಿತ್ತು, ಆಮೇಲೆ ಹಂಚಿನ ಮಾಡಿನ ಉದ್ದ ಕಟ್ಟಡ ಕಾಣುತ್ತಿತ್ತು. ಮನೆ ಅದಕ್ಕೆ ತಾಗಿಕೊಂಡೇ ಇತ್ತು. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಅದಕ್ಕೂ ಆ ವಾಸನೆ ಹಿಡಿಯುತ್ತಿತ್ತು. ಮೊದಲ ತಿಂಗಳಲ್ಲೇ ನಾನು ತವರಿಗೆ ಹೋದಾಗ ಅಮ್ಮ ನನ್ನ ಸೀರೆ ಮೂಸಿ ನೋಡಿ, "ಎಂತ ಹೆಣ್ಣೆ, ನಿನ್ನನ್ನೂ ಹುರಿದ್ರಾ?" ಎಂದು ನಗಾಡಿದ್ದಳು.

ಫ್ಯಾಕ್ಟರಿ ಕಟ್ಟಿದವರು ಮಾವ. ಪ್ರಾಯದಲ್ಲಿ ಅವರು ಹಾಲಾಡಿಯ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಸುತ್ತಲಿನ ರೈತರಿಂದ ಬೀಜ ಖರೀದಿ ಮಾಡುತ್ತಿದ್ದವರು. ಊರಿನ ಬೀಜ ಬೇಸಿಗೆ ಮುಗಿಯುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಉಳಿದ ದಿನಗಳಿಗೆ ಆಫ್ರಿಕಾದ ಬೀಜವೇ ಗತಿ. ಅದು ಹಡಗಿನಲ್ಲಿ ಮಂಗಳೂರಿನ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಗೋಣಿಯ ಮೇಲೆ ತಾಂಜಾನಿಯಾ, ಐವರಿ ಕೋಸ್ಟ್ ಎಂದೆಲ್ಲ ಅಚ್ಚು ಹಾಕಿರುತ್ತಿದ್ದರೂ ನಮ್ಮ ಹೆಂಗಸರಿಗೆ ಬೀಜದಲ್ಲಿ ಇದ್ದದ್ದು ಎರಡೇ ಜಾತಿ. ಒಂದು ಊರ ಬೀಜ, ಇನ್ನೊಂದು ಹಡಗಿನ ಬೀಜ.

ನಾನು ಬಿ.ಕಾಂ. ಓದಿದವಳು, ಟೈಪಿಂಗ್ ಕಲಿತವಳು. ಗಂಡನಿಗೆ ಬಾಯ್ಲರ್, ಲಾರಿ, ಮಿಷನ್ನು ಇಷ್ಟರಲ್ಲೇ ಜೀವ. ಮಾತು ಕಡಿಮೆ. ಹಾಗಾಗಿ ಆಫೀಸಿನ ಕೆಲಸ ಮೆಲ್ಲಗೆ ನನ್ನ ಕೈಗೆ ಬಂತು. ಒಂದು ದಿನ ಪ್ಯಾಕಿಂಗ್ ಕೋಣೆಯಲ್ಲಿ ನಿಂತಿದ್ದಾಗ ಡಬ್ಬಿಗಳ ಮೇಲೆ ಬರೆದದ್ದನ್ನು ಓದಿದೆ. ಮಂಗಳೂರಿನ ಒಬ್ಬ ರಫ್ತುದಾರರ ಹೆಸರು, ಮಂಗಳೂರಿನ ವಿಳಾಸ. ಬೀಜ ಬೇಯಿಸಿದ್ದು ನಾವು, ಒಡೆದದ್ದು, ಸಿಪ್ಪೆ ತೆಗೆದದ್ದು, ಬಿಳಿ ಬೇರೆ ಕಂದು ಬೇರೆ ತುಂಡು ಬೇರೆ ಎಂದು ವಿಂಗಡಿಸಿದ್ದು ನಮ್ಮ ಹೆಂಗಸರು. ಡಬ್ಬಿಯ ಮೇಲೆ ಅದರ ಗುರುತೇ ಇಲ್ಲ.

ಊಟದ ಹೊತ್ತಿಗೆ ಮಾವನ ಹತ್ತಿರ ಕೇಳಿದೆ.

"ನಮ್ಮ ಹೆಸರು ಯಾಕೆ ಹಾಕುವುದಿಲ್ಲ ಮಾವ?"

ಅವರು ಅನ್ನ ಕಲಸುತ್ತ ಹೇಳಿದರು: "ಹೊರ್ಗಿನವ್ರಿಗೆ ಕುಂದಾಪ್ರ ಅಂದ್ರೆ ಎಂತ ಗೊತ್ತಿತ್ತ್ ಮಗಾ? ಮಂಗ್ಳೂರ್ ಅಂದ್ರೆ ಹಡ್ಗ್ ಬತ್ತ್, ವಿಮಾನ ಬತ್ತ್, ಬ್ಯಾಂಕ್ ಇತ್ತ್. ನಾವ್ ಎಲ್ಲಿಗ್ ಹೋಪ್ದ್?"

"ಒಮ್ಮೆ ನೋಡುವನಾ?"

"ಕಾಣ್. ಬೇಡ ಅಂದವ್ರ್ ಯಾರ್?"

ಅವರು ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ಆಗ ಹೊಳೆಯಲಿಲ್ಲ. ಇವಳು ಒಂದು ಮಳೆಗಾಲ ಕುಣಿದು ಸುಮ್ಮನಾಗುತ್ತಾಳೆ ಎಂದು ಅವರು ಎಣಿಸಿರಬೇಕು.

ಕುಂದಾಪುರ ಪೇಟೆಯಲ್ಲಿ ಆಗಷ್ಟೇ ಕಂಪ್ಯೂಟರ್ ಅಂಗಡಿಗಳು ಶುರುವಾಗಿದ್ದವು. ಗಂಟೆಯ ಲೆಕ್ಕದಲ್ಲಿ ಕೂತುಕೊಂಡು ಇ-ಮೇಲ್ ಬರೆಯಬಹುದಿತ್ತು. ನಾನು ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ದುಬಾಯಿ, ಹಾಲೆಂಡು, ಇಂಗ್ಲೆಂಡು ಎಂದು ಸಿಕ್ಕಸಿಕ್ಕ ಕಂಪನಿಗಳಿಗೆಲ್ಲ ಬರೆದೆ. ಅರ್ಧ ಬರೆಯುವಾಗ ಕರೆಂಟು ಹೋಗುತ್ತಿತ್ತು. ಪುನಃ ಮೊದಲಿನಿಂದ ಬರೆಯಬೇಕು. ಎಷ್ಟೋ ಕಂಪನಿಗಳು ಉತ್ತರವನ್ನೇ ಕೊಡಲಿಲ್ಲ. ಕೆಲವರು, ನೀವು ಮಂಗಳೂರಿನ ಹತ್ತಿರವೋ ಗೋವಾದ ಹತ್ತಿರವೋ ಎಂದು ಕೇಳಿದರು. ಎರಡರ ನಡುವೆ ಎಂದು ಬರೆದರೆ ಮತ್ತೆ ಸುದ್ದಿಯೇ ಇಲ್ಲ. ಕೊನೆಗೆ ಹಾಲೆಂಡಿನ ಒಬ್ಬ ವ್ಯಾಪಾರಿ ಸ್ಯಾಂಪಲ್ ಕಳಿಸಿ ಎಂದ. ಕಳಿಸಿದೆವು. ಎಷ್ಟೋ ಕಾಲವಾದ ಮೇಲೆ, ನಾನು ಆಸೆ ಬಿಟ್ಟಿದ್ದಾಗ, ಬಂದು ನೋಡುತ್ತೇನೆ ಎಂದು ಬರೆದ.

ಅವನು ಬಂದದ್ದು ಒಂದು ಚಳಿಗಾಲದಲ್ಲಿ. ಎತ್ತರದ ಆಳು, ಕೂದಲೆಲ್ಲ ನರೆತಿತ್ತು. ಮಾತು ಮೆತ್ತಗೆ. ಇಡೀ ಫ್ಯಾಕ್ಟರಿ ತಿರುಗಿದ. ಬೀಜ ಒಡೆಯುವವರ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದ. ಬೀಜ ವಿಂಗಡಿಸುವ ಗ್ರೇಡಿಂಗ್ ಕೋಣೆಯಲ್ಲಿ ನಮ್ಮ ಮೇಸ್ತ್ರಿ ಹೆಂಗಸು ಇದ್ದರು. ಬಿಜೂರಿನ ಕಡೆಯವರು, ಮಾವನ ಕಾಲದಿಂದ ಇದ್ದವರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು ಅಮ್ಮ ಎನ್ನುತ್ತಿದ್ದರು. ಅವರ ಮುಂದಿನ ರಾಶಿಯಿಂದ ಒಂದು ಹಿಡಿ ಬೀಜ ತೆಗೆದು ಬೆಳಕಿಗೆ ಹಿಡಿದು ನೋಡಿದ. ಚೆನ್ನಾಗಿದೆ ಎಂದ. ಅಕ್ಕನಿಗೆ ಅರ್ಥವಾಗದಿದ್ದರೂ ಮುಖ ನೋಡಿ ಗೊತ್ತಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಆಮೇಲೆ ಆಫೀಸಿನಲ್ಲಿ ಕೂತು ಅವನು ಕೇಳತೊಡಗಿದ. ಬೀಜ ಪರೀಕ್ಷೆ ಮಾಡಿಸುವ ಲ್ಯಾಬು ಎಲ್ಲಿದೆ? ಮಂಗಳೂರಿನಲ್ಲಿ. ವಿದೇಶಿ ವ್ಯವಹಾರ ನೋಡುವ ಬ್ಯಾಂಕು? ಮಂಗಳೂರಿನಲ್ಲಿ. ಕಂಟೇನರ್ ಎಲ್ಲಿಂದ ಬರಬೇಕು? ಮಂಗಳೂರಿನಿಂದ. ಹಡಗಿನ ಏಜೆಂಟರು? ನಾನು ಮಂಗಳೂರು ಎನ್ನುವ ಮೊದಲೇ ಅವನೇ ಮಂಗಳೂರು ಎಂದು ನಕ್ಕ. ನನಗೆ ನಗು ಬರಲಿಲ್ಲ. ಒಂದು ನಗರ ಹೇಗೆ ಬೆಳೆಯುತ್ತದೆ ಎನ್ನುವುದು ಆವತ್ತು ಆ ಮೇಜಿನ ಮುಂದೆ ಕೂತು ನನಗೆ ಗೊತ್ತಾಯಿತು. ನಮ್ಮ ಒಂದೊಂದು ಕೆಲಸಕ್ಕೂ ಅಲ್ಲಿ ಒಂದೊಂದು ಕಚೇರಿ, ಅದರಲ್ಲಿ ಒಂದಷ್ಟು ಜನರಿಗೆ ಸಂಬಳ, ಅವರಿಗೊಂದು ಮನೆ, ಆ ಮನೆಗೊಂದು ಅಂಗಡಿ. ಆಫ್ರಿಕಾದ ಬೀಜ ಕುಂದಾಪುರಕ್ಕೆ ಬಂದು ಹಾಲೆಂಡಿಗೆ ಹೋಗುವಷ್ಟರಲ್ಲಿ ಮಂಗಳೂರು ಇನ್ನೂ ಒಂದು ಅಂತಸ್ತು ಮೇಲೇರಿರುತ್ತಿತ್ತು. ನಮ್ಮ ಪೇಟೆಯಲ್ಲಿ ಇದ್ದ ಬದಲಾವಣೆ ಎಂದರೆ ಗ್ರೇಡಿಂಗಿನ ಹೆಂಗಸರು ಶನಿವಾರ ಸಂಬಳದ ದಿನ ಮೀನು ಸ್ವಲ್ಪ ದೊಡ್ಡದು ಕೊಳ್ಳುವುದು, ಅಷ್ಟೇ.

ಮರುದಿನ ಅವನನ್ನು ತ್ರಾಸಿಯ ಕಡಲಿಗೆ ಕರೆದುಕೊಂಡು ಹೋದೆವು. ಹೋದವನು ಕಾರಿನಿಂದ ಇಳಿದು ಸುಮಾರು ಹೊತ್ತು ನಿಂತ. ಇಷ್ಟು ಚಂದದ ಊರು ಇಟ್ಟುಕೊಂಡು ನೀವು ಬೀಜದ ಹೊಗೆ ಯಾಕೆ ತಿನ್ನುತ್ತೀರಿ, ಒಂದು ಹೋಟೆಲ್ ಮಾಡಿ ಎಂದ. ಬಂದವರೆಲ್ಲ ಹೀಗೆಯೇ. ಹೊಗಳಿ ಹೋಗಲು ನಮ್ಮ ಊರು ಬಹಳ ಒಳ್ಳೆಯದು.

ಆದರೆ ಅವನು ಮಾತಿಗೆ ತಪ್ಪಲಿಲ್ಲ. ಇಷ್ಟಿಷ್ಟು ಸರಿಮಾಡಿಕೊಳ್ಳಿ, ನಿಮ್ಮ ಹೆಸರಿನಲ್ಲೇ ಖರೀದಿ ಮಾಡುತ್ತೇನೆ ಎಂದು ಬರೆದ. ನೆಲಕ್ಕೆ ಟೈಲ್ಸ್, ಕಿಟಕಿಗೆ ಬಲೆ, ಹೆಂಗಸರಿಗೆ ಬೇರೆ ಶೌಚಾಲಯ, ಕೈ ತೊಳೆಯಲು ನಲ್ಲಿ, ತಲೆಗೆ ಟೊಪ್ಪಿ. ಮಾವ ಕಷ್ಟದಿಂದ ಒಂದೊಂದೇ ಮಾಡಿಸಿದರು. ಎಲ್ಲಕ್ಕಿಂತ ಹೆಚ್ಚು ಗಲಾಟೆಯಾದದ್ದು ಟೊಪ್ಪಿಗೆ. ಟೊಪ್ಪಿ ಹಾಕಿದರೆ ಮುಡಿಗೆ ಹೂ ಇಡುವಂತಿಲ್ಲ.

"ಮಲ್ಲಿಗಿ ಬಿದ್ರೆ ಬೀಜಕ್ಕೆ ಎಂತ ಆತ್ತ್ ಅಮ್ಮ? ಪರಿಮಳ ಬತ್ತ್, ಅಷ್ಟೇ" ಎಂದು ಅಕ್ಕ ವಾದ ಮಾಡಿದರು.

"ಅವರಿಗೆ ಬೇಡವಂತೆ ಅಕ್ಕ. ನಾನೆಂತ ಮಾಡಲಿ?"

"ಅವ್ರ್ ತಿಂಬೂದ್ ಬೀಜ. ನಮ್ ತಲಿಮೇಲ್ ಎಂತಕ್ ಕಣ್ಣ್?"

ಕೊನೆಗೆ ಹೂವನ್ನೆಲ್ಲ ಬಾಗಿಲ ಹೊರಗೆ ಒಂದು ಪರಾತದಲ್ಲಿ ಬಿಡುವುದು, ಸಂಜೆ ಹೋಗುವಾಗ ಮುಡಿದುಕೊಂಡು ಹೋಗುವುದು ಎಂದಾಯಿತು. ಸಂಜೆಗೆ ಹೂ ಬಾಡಿರುತ್ತಿತ್ತು. ಬೈಗುಳ ನನಗೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಉಳಿದಿತ್ತು. ಅದು ನಮ್ಮ ರಸ್ತೆಯ ಮೋರಿ. ಹೆದ್ದಾರಿಯಿಂದ ಇಳಿದ ಕೂಡಲೇ ನೀರು ಹರಿಯುವ ಒಂದು ತೋಡು, ಅದನ್ನು ದಾಟಲು ಸಣ್ಣ ಸೇತುವೆಯಂಥ ಹಳೆಯ ಕಲ್ಲಿನ ಮೋರಿ. ಲಾರಿ ಹೇಗೋ ದಾಟುತ್ತಿತ್ತು. ಕಂಟೇನರ್ ಹೊತ್ತ ಟ್ರೈಲರ್ ದಾಟುವ ಹಾಗಿರಲಿಲ್ಲ. ಪಂಚಾಯತಿಗೆ ಹೋದೆ. ಇದು ನಮ್ಮ ಕೈಯಲ್ಲಿಲ್ಲ, ಲೋಕೋಪಯೋಗಿಯವರನ್ನು ಕೇಳಿ ಎಂದರು. ಲೋಕೋಪಯೋಗಿಯವರು ರಸ್ತೆ ನಮ್ಮದಲ್ಲ, ಜಿಲ್ಲಾ ಪಂಚಾಯತಿನದ್ದು ಎಂದರು. ಉಡುಪಿಗೆ ಹೋದರೆ ಅಲ್ಲಿಯ ಇಂಜಿನಿಯರು ನಕ್ಷೆ ಬಿಡಿಸಿ ಬೆರಳು ಓಡಿಸಿ, ಇಲ್ಲಿ ಮೋರಿಯೇ ಇಲ್ಲವಲ್ಲ ಎಂದರು.

"ಇದೆ ಸರ್. ನಾನು ದಿನಾ ಅದರ ಮೇಲೆ ನಡೆಯುತ್ತೇನೆ."

"ನಕ್ಷೆಯಲ್ಲಿ ಇಲ್ಲ ಮೇಡಂ. ಇಲ್ಲದ್ದನ್ನು ರಿಪೇರಿ ಮಾಡಲು ಹೇಗೆ ಅನುದಾನ ಹಾಕುವುದು?"

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದೆ. ಅಳು ಅಲ್ಲ, ಸಿಟ್ಟು. ಹಾಲೆಂಡಿನವನನ್ನು ಒಪ್ಪಿಸಿದವಳಿಗೆ ಉಡುಪಿಯ ಒಬ್ಬ ಇಂಜಿನಿಯರನ್ನು ಒಪ್ಪಿಸಲಾಗಲಿಲ್ಲ.

ಮೊದಲ ಕಂಟೇನರ್ ಬಂದದ್ದು ಸೋಣೆ ತಿಂಗಳಲ್ಲಿ, ಮಳೆ ಬಿಟ್ಟು ಬಿಟ್ಟು ಬರುವ ಹೊತ್ತಿನಲ್ಲಿ. ಬೆಳಿಗ್ಗೆ ಟ್ರೈಲರ್ ತಲ್ಲೂರು ತಲುಪಿ ನಮ್ಮ ರಸ್ತೆಯ ಬಾಯಿಯಲ್ಲಿ ನಿಂತಿತು. ಡ್ರೈವರ್ ತಮಿಳಿನವ. ಇಳಿದು ಬಂದು ಮೋರಿಯ ಮೇಲೆ ನಿಂತು ಕಾಲಿನಿಂದ ಒಮ್ಮೆ ಕುಟ್ಟಿ ನೋಡಿದ. ಆಗುವುದಿಲ್ಲ ಎಂದು ಕೈ ಆಡಿಸಿದ. ಗಂಡ ಏನೋ ಹೇಳಲು ಹೋದರು. ಅವನು ಕೇಳಿಸಿಕೊಳ್ಳದೆ ಹೋಗಿ ಕ್ಯಾಬಿನ್ನಿನಲ್ಲಿ ಕೂತು ಬೀಡಿ ಹಚ್ಚಿದ.

ಕಂಟೇನರಿಗೆ ಸೀಲು ಹಾಕಲು ಬಂದ ಸುಂಕದ ಅಧಿಕಾರಿ ನಮ್ಮ ಚಾವಡಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಮಧ್ಯಾಹ್ನದ ಮೇಲೆ ತನಗೆ ಬೇರೆ ಕಡೆ ಹೋಗಲಿದೆ ಎಂದು ಮೊದಲೇ ಹೇಳಿಬಿಟ್ಟಿದ್ದರು. ಗಂಡ ಹೆಚ್ಚು ಮಾತಾಡದೆ ಟೆಂಪೋ ತಂದು ಪ್ಯಾಕಿಂಗ್ ಕೋಣೆಯ ಬಾಗಿಲಿಗೆ ಹಚ್ಚಿದರು. ರಟ್ಟಿನ ಪೆಟ್ಟಿಗೆಗಳನ್ನು ಟೆಂಪೋದಲ್ಲಿ ಹೆದ್ದಾರಿಯ ತನಕ ಒಯ್ಯುವುದು, ಅಲ್ಲಿ ಟ್ರೈಲರಿಗೆ ತುಂಬುವುದು. ಟೆಂಪೋ ಹೋಗಿ ಬರುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ಅದನ್ನು ನೋಡಿ ಅಕ್ಕ ಗ್ರೇಡಿಂಗ್ ಕೋಣೆಯಿಂದ ಎದ್ದು ಹೊರಗೆ ಬಂದರು.

"ಹ್ವಾಯ್, ಏಳಿನಿ ಎಲ್ರೂ! ಕೂಕಂಡ್ರೆ ಆತ್ತಿಲ್ಲೆ."

ಹೆಂಗಸರೆಲ್ಲ ತಲೆಯ ಟೊಪ್ಪಿ ಹಾಗೇ ಇಟ್ಟುಕೊಂಡು, ಅದರ ಮೇಲೊಂದು ಸಿಂಬಿ ಸುತ್ತಿ, ಪೆಟ್ಟಿಗೆ ಹೊತ್ತು ಹೊರಟರು. ಗದ್ದೆಯ ನಡುವಿನ ರಸ್ತೆಯಲ್ಲಿ ಬಿಳಿ ಟೊಪ್ಪಿಗಳ ಉದ್ದ ಸಾಲು. ಹೆದ್ದಾರಿಯಲ್ಲಿ ಬಸ್ಸಿನವರು ನಿಧಾನ ಮಾಡಿ ನೋಡಿ ಹೋಗುತ್ತಿದ್ದರು. ಅರ್ಧ ತುಂಬಿರಬೇಕು, ಹೊಳೆಯ ಕಡೆಯಿಂದ ಮಳೆ ಒಮ್ಮೆಲೇ ಬಡಿಯಿತು. ಟಾರ್ಪಾಲು ಹಿಡಿಯುವ ಮೊದಲೇ ಕೆಲವು ಪೆಟ್ಟಿಗೆಗಳು ನೆನೆದವು. ಅದೇ ಹೊತ್ತಿಗೆ ಪೊಲೀಸ್ ಜೀಪು ಬಂತು.

"ಎಂತದ್ದಿದು, ಹೆದ್ದಾರಿಯಲ್ಲಿ ಸಂತೆಯಾ? ಯಾರು ಪರ್ಮಿಷನ್ ಕೊಟ್ಟದ್ದು?"

ನಾನು ಒದ್ದೆ ಸೀರೆಯಲ್ಲೇ ಹೋಗಿ ವಿವರಿಸಿದೆ. ವಿದೇಶಕ್ಕೆ ಹೋಗುವ ಮಾಲು, ನಾಳೆಯೊಳಗೆ ಬಂದರು ತಲುಪದಿದ್ದರೆ ಹಡಗು ತಪ್ಪುತ್ತದೆ ಎಂದೆ.

"ವಿದೇಶಕ್ಕೆ ಹೋಗುವುದಾದರೆ ಬಂದರಿಗೆ ಹೋಗಿ ತುಂಬಿಸಿ. ಇಲ್ಲಿ ಯಾಕೆ?"

ಎಲ್ಲರದ್ದೂ ಅದೇ ಪ್ರಶ್ನೆ. ಇಲ್ಲಿ ಯಾಕೆ? ಆಗ ಮಾವ ಕೊಡೆ ಹಿಡಿದುಕೊಂಡು ಬಂದರು. ಪೊಲೀಸರ ಹತ್ತಿರ ಜಗಳ ಮಾಡಲಿಲ್ಲ. ಬರೀ, "ಇವ್ರೆಲ್ಲ ಇಲ್ಲಿಯವ್ರ್ ಕಾಣಿ ಸ್ವಾಮಿ, ಅದ್ಕೇ ಇಲ್ಲಿ" ಎಂದು ಹೆಂಗಸರ ಕಡೆ ಕೈ ತೋರಿಸಿದರು. ಪೊಲೀಸಿನವರು ಆ ಸಾಲನ್ನು ನೋಡಿ, ಬೇಗ ಮುಗಿಸಿ ಎಂದು ಹೇಳಿ ಹೋದರು.

ನೆನೆದ ಪೆಟ್ಟಿಗೆಗಳನ್ನು ತೆಗೆದಿಟ್ಟು, ಬೇರೆ ತುಂಬಿ, ಬಾಗಿಲು ಮುಚ್ಚಿ ಸೀಲು ಒತ್ತಿದ್ದಾಯಿತು. ಟ್ರೈಲರ್ ಹೊರಟಾಗ ಹೆಂಗಸರು ಸುಮ್ಮನೆ ನಿಂತು ನೋಡಿದರು. ಯಾರೋ ಒಬ್ಬಳು ಕೈ ಬೀಸಿದಳು, ಉಳಿದವರು ಅವಳನ್ನು ನೋಡಿ ನಕ್ಕರು. ಪೆಟ್ಟಿಗೆಯ ಮೇಲೆ ಕುಂದಾಪುರ ಎಂದು ಇತ್ತು. ನನ್ನ ಕಣ್ಣು ಉರಿಯುತ್ತಿತ್ತು. ಮಳೆನೀರು ಎಂದುಕೊಂಡು ಒರೆಸಿಕೊಂಡೆ.

ಆಮೇಲೆ ಹಲವು ವರ್ಷ ಹೀಗೆಯೇ ನಡೆಯಿತು. ಪ್ರತಿ ಕಂಟೇನರಿಗೂ ಟೆಂಪೋ, ಸಿಂಬಿ, ಟಾರ್ಪಾಲು, ಪೊಲೀಸು. ಹಾಲೆಂಡಿನವನು ಒಮ್ಮೆ ಫೋನಿನಲ್ಲಿ ಮಾತಾಡುವಾಗ, ವಿಯೆಟ್ನಾಮಿನಲ್ಲಿ ಕಂಟೇನರ್ ಫ್ಯಾಕ್ಟರಿಯ ಒಳಗೇ ಬಂದು ನಿಲ್ಲುತ್ತದೆ, ಅಲ್ಲಿ ಬೀಜ ಒಡೆಯಲಿಕ್ಕೂ ಮಿಷನ್ ಬಂದಿದೆ ಎಂದ. ಹೀಯಾಳಿಸಲು ಹೇಳಿದ್ದಲ್ಲ. ಸುಮ್ಮನೆ ಸುದ್ದಿ ಹೇಳಿದ. ಅದೇ ಸಮುದ್ರ, ಅದೇ ಆಫ್ರಿಕಾದ ಬೀಜ, ಅವರದ್ದು ನಮಗಿಂತ ದೂರದ ಊರು. ಅವರಿಗೆ ಸಿಕ್ಕಿದ್ದು ನಮಗೆ ಯಾಕೆ ಸಿಗಲಿಲ್ಲ ಎಂದರೆ ಹೇಳಲಿಕ್ಕೆ ನನ್ನ ಹತ್ತಿರ ಇದ್ದದ್ದು ನಕ್ಷೆಯಲ್ಲಿಲ್ಲದ ಒಂದು ಮೋರಿ.

ಆ ನಡುವೆ ಮಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಹೂಡಿಕೆದಾರರ ಸಭೆಯೊಂದಾಯಿತು. ನಮಗೂ ಆಮಂತ್ರಣ ಬಂತು. ಮಾವ ಬಿಳಿ ಪಂಚೆ, ಶಲ್ಯ ಹಾಕಿಕೊಂಡು ಹೊರಟರು. ಎ.ಸಿ. ಚಳಿಗೆ ಅವರು ಶಲ್ಯ ಮೈತುಂಬ ಹೊದ್ದು ಕೂತಿದ್ದರು. ವೇದಿಕೆಯ ಮೇಲಿನ ಪರದೆಯಲ್ಲಿ ಕರಾವಳಿಯ ಚಿತ್ರ. ಮಂಗಳೂರಿನಲ್ಲಿ ದೊಡ್ಡ ಕೆಂಪು ವೃತ್ತ, ಅಲ್ಲಿಂದ ಸಮುದ್ರದ ಆಚೆಗೆ ದುಬಾಯಿ, ಸಿಂಗಾಪುರ, ಯುರೋಪಿಗೆಲ್ಲ ಬಾಣದ ಗುರುತು. ಉತ್ತರಕ್ಕೆ ಬೈಂದೂರಿನ ತನಕ ಒಂದು ಹಸಿರು ಪಟ್ಟಿ. ಮಾತಾಡಿದವರು ಬೆಂಗಳೂರಿನಿಂದ ಬಂದವರು, ಹುಷಾರಿನ ಮನುಷ್ಯ. ಮಹಾನಗರ ಎಂದರೆ ಬರೀ ಒಂದು ಪೇಟೆ ಅಲ್ಲ, ಸುತ್ತಲಿನ ಇಡೀ ಪ್ರದೇಶ, ಜಗತ್ತಿನ ಬಂಡವಾಳ ಬಂದರೆ ಎಲ್ಲರೂ ಒಟ್ಟಿಗೆ ಬೆಳೆಯುತ್ತಾರೆ ಎಂದು ಹೇಳಿದರು. ನನಗೆ ಆ ಮಾತು ಇಷ್ಟವಾಯಿತು. ಇಷ್ಟವಾದದ್ದರಿಂದಲೇ ಎದ್ದು ನಿಂತೆ.

"ಆ ಹಸಿರು ಪಟ್ಟಿಯಲ್ಲಿ ನಮ್ಮದೊಂದು ಫ್ಯಾಕ್ಟರಿ ಇದೆ ಸರ್. ನಾವು ಈಗಾಗಲೇ ಯುರೋಪಿಗೆ ಮಾಲು ಕಳಿಸುತ್ತೇವೆ. ಆದರೆ ನಮ್ಮ ಬಾಗಿಲಿಗೆ ಕಂಟೇನರ್ ಬರುವುದಿಲ್ಲ, ಒಂದು ಮೋರಿ ಆಗಬೇಕು. ಅದಕ್ಕೆ ಯಾರನ್ನು ಕೇಳಬೇಕು?"

ಸಭೆಯಲ್ಲಿ ಸಣ್ಣಗೆ ನಗು ಎದ್ದಿತು. ಅವರು ನಗಲಿಲ್ಲ. ಒಳ್ಳೆಯ ಪ್ರಶ್ನೆ ಎಂದರು. ಇದು ಸ್ಥಳೀಯ ಸಮಸ್ಯೆ, ಸ್ಥಳೀಯ ಸಂಸ್ಥೆಗಳು ನೋಡಿಕೊಳ್ಳಬೇಕು ಎಂದರು. ಊಟದ ಹೊತ್ತಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದು, "ಮೇಡಂ, ನೀವು ಬಂದರಿನ ಹತ್ತಿರದ ಕೈಗಾರಿಕಾ ಪ್ರದೇಶಕ್ಕೆ ಬಂದುಬಿಡಿ. ಅಲ್ಲಿ ರಸ್ತೆ, ಕರೆಂಟು, ನೀರು ಎಲ್ಲ ತಯಾರಿದೆ" ಎಂದು ನಿಜವಾದ ಕಾಳಜಿಯಿಂದ ಹೇಳಿದರು.

"ನಮ್ಮ ಹೆಂಗಸರು?"

"ಅಲ್ಲಿಯೂ ಕೆಲಸದವರು ಸಿಗುತ್ತಾರೆ."

ವಾಪಸು ಬರುವಾಗ ಕಾರಿನಲ್ಲಿ ಮಾವ ಬ್ರಹ್ಮಾವರ ದಾಟುವ ತನಕ ಶಲ್ಯ ಮಡಚುತ್ತ ಬಿಚ್ಚುತ್ತ ಕೂತಿದ್ದರು. ಆಮೇಲೆ ಹೇಳಿದರು: "ಊಟ ಲಾಯ್ಕ್ ಇದ್ದಿತ್ತ್."

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದಾಗ ನನಗೆ ಮತ್ತೆ ಆಸೆ ಹುಟ್ಟಿತು. ಚತುಷ್ಪಥ ಆದರೆ ಊರು ಬದಲಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಮರ ಕಡಿದರು, ಅಂಗಡಿ ಕೆಡವಿದರು, ಮಣ್ಣು ಅಗೆದು ಬಿಟ್ಟರು. ಬಿಟ್ಟದ್ದು ಬಿಟ್ಟ ಹಾಗೆಯೇ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು, ಇವತ್ತು ಈ ಕಡೆಯಿಂದ ದಾರಿ, ನಾಳೆ ಆ ಕಡೆಯಿಂದ. ಆ ಧೂಳು ನಮ್ಮ ಅಂಗಳದಲ್ಲಿ ಒಣಗಲು ಹಾಕಿದ ಬೀಜದ ಮೇಲೂ ಕೂರುತ್ತಿತ್ತು.

ಅದೇ ಧೂಳಿನಲ್ಲಿ ಒಂದು ದಿನ ಬಿಳಿ ಕಾರು ಬಂತು. ಮಂಗಳೂರಿನ ಒಂದು ಕಂಪನಿಯವರು. ಅವರಿಗೆ ಹೊರದೇಶದ ಹಣ ಬಂದಿತ್ತು. ಬಂದರಿನ ಹತ್ತಿರ ದೊಡ್ಡ ಪ್ಲಾಂಟ್ ಹಾಕಿದ್ದರು. ನೀವು ಬೀಜ ಒಡೆದು, ಸಿಪ್ಪೆ ತೆಗೆದು ನಮಗೆ ಕೊಡಿ, ಗ್ರೇಡಿಂಗ್ ಪ್ಯಾಕಿಂಗ್ ನಾವು ಮಾಡುತ್ತೇವೆ, ವರ್ಷಪೂರ್ತಿ ಕೆಲಸ ಗ್ಯಾರಂಟಿ ಎಂದರು. ಆ ವರ್ಷಗಳಲ್ಲಿ ಹಾಲೆಂಡಿನ ಆರ್ಡರು ಇಳಿಯುತ್ತ ಬಂದಿತ್ತು. ಅವನು ನಿವೃತ್ತನಾಗಿದ್ದ, ಅವನ ಜಾಗದಲ್ಲಿ ಬಂದವರಿಗೆ ನಮ್ಮ ಪರಿಚಯ ಇರಲಿಲ್ಲ.

ಆ ಸಂಜೆ ನಾನೂ ಮಾವನೂ ಮೊದಲ ಸಲ ಜೋರಾಗಿ ಮಾತಾಡಿಕೊಂಡೆವು.

"ಇಷ್ಟು ವರ್ಷ ಕಷ್ಟಪಟ್ಟದ್ದು ಯಾತಕ್ಕೆ ಮಾವ? ಮತ್ತೆ ಅವರಿಗೆ ಕೂಲಿ ಮಾಡಿಕೊಡಲಿಕ್ಕಾ?"

"ಕೂಲಿ ಅಂಬುಕೆ ಎಂತಕ್ ನಾಚ್ಕಿ? ಒಡೂವವ್ರಿಗೆ ಕೆಲ್ಸ ಉಳೀತ್ತಲ್ದಾ."

"ಗ್ರೇಡಿಂಗಿನವರಿಗೆ?"

ಅವರು ದನಿ ತಗ್ಗಿಸಿ, "ನಂಗೆ ಸಾಕಾಯ್ತ್ ಮಗಾ. ಮಳಿಗಾಲ್ದಗೆ ರಸ್ತಿಮೇಲ್ ಕೊಡೆ ಹಿಡ್ಕಂಡ್ ನಿಲ್ಲುಕೆ ಇನ್ನ್ ಆತ್ತಿಲ್ಲೆ" ಎಂದರು.

ನಾನು ಎದ್ದು ಬಾಗಿಲಿಗೆ ಬಂದೆ. ಗಂಡ ಹೊರಗೆ ಜಗಲಿಯಲ್ಲಿ ಮಿಷನ್ನಿನ ಯಾವುದೋ ಭಾಗಕ್ಕೆ ಎಣ್ಣೆ ಬಿಡುತ್ತ ಕೂತಿದ್ದರು. ಅವರು ತಲೆ ಎತ್ತಲಿಲ್ಲ. ಒಪ್ಪಂದ ಆಯಿತು.

ಗ್ರೇಡಿಂಗಿನ ಹೆಂಗಸರಿಗೆ ಕಂಪನಿಯವರು ಪ್ಲಾಂಟಿನಲ್ಲೇ ಕೆಲಸ ಕೊಡುತ್ತೇವೆ ಎಂದರು, ಹೋಗಿ ಬರಲು ಬಸ್ಸು ಕೂಡ. ಮೊದಲ ದಿನ ನಾನೂ ಅವರ ಜೊತೆ ಹೋದೆ. ಬೈಂದೂರಿನಿಂದ ಹೊರಟ ಬಸ್ಸು ತಲ್ಲೂರಿಗೆ ಬರುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಗೆದು ಹಾಕಿದ ರಸ್ತೆಯಲ್ಲಿ ಕುಲುಕಿ ಕುಲುಕಿ ಕೆಲವರು ವಾಂತಿ ಮಾಡಿಕೊಂಡರು. ಅಕ್ಕ ಎಲ್ಲರಿಗೂ ಲಿಂಬೆಹಣ್ಣು ಹಂಚಿದರು.

ಪ್ಲಾಂಟ್ ನೋಡಿದರೆ ಬಾಯಿಗೆ ಕೈ ಇಡಬೇಕು, ಅಷ್ಟು ಚೊಕ್ಕ. ಘಾಟಿಲ್ಲ, ಹೊಗೆಯಿಲ್ಲ, ತಣ್ಣಗಿನ ಗಾಳಿ. ಬೀಜದ ಬಣ್ಣ ನೋಡಿ ತಾನೇ ಬೇರೆ ಮಾಡುವ ಮಿಷನ್ ಇತ್ತು. ಕಂಟೇನರ್ ನೇರ ಬಾಗಿಲಿಗೆ ಬಂದು ನಿಂತಿತ್ತು. ನಾನು ಅದನ್ನು ದ್ವೇಷಿಸಬೇಕೆಂದು ಹೋದವಳು, ಆಗಲಿಲ್ಲ. ನಮ್ಮ ಊರಿನಲ್ಲಿ ಯಾರಾದರೂ ಹೀಗೊಂದು ಕಟ್ಟಿದ್ದರೆ ಅವರ ಕಾರಿಗೆ ನಾನೇ ಹಾರ ಹಾಕುತ್ತಿದ್ದೆ. ಅಕ್ಕ ಮತ್ತು ಉಳಿದವರು ಒಂದು ಬೆಲ್ಟಿನ ಎರಡೂ ಬದಿಗೆ ನಿಂತರು. ಕೂರುವಂತಿಲ್ಲ.

"ಹೇಗಿದೆ ಅಕ್ಕ?"

"ಮಿಷನ್ ಬಿಟ್ಟದ್ದನ್ನ ಹೆಕ್ಕೂದ್ ಅಮ್ಮ. ಕೆಲ್ಸ ಹಗುರ. ಕಾಲ್ ಮಾತ್ರ ಬಾತ್ಕಂತ್ತ್."

ಮ್ಯಾನೇಜರ್ ಪ್ರಾಯದ ಹುಡುಗ, ಮರ್ಯಾದಸ್ಥ. ರಸ್ತೆ ಸರಿಯಾಗುವ ತನಕ ದೂರದವರಿಗೆ ಕೆಲಸದ ಹೊತ್ತು ಸ್ವಲ್ಪ ಬದಲಿಸಲು ಆಗುತ್ತದೆಯೇ ಎಂದು ಕೇಳಿದೆ. ಎಲ್ಲರಿಗೂ ಒಂದೇ ಶಿಫ್ಟು, ಬೇಕಾದವರು ಹಾಸ್ಟೆಲಿನಲ್ಲಿ ಇರಬಹುದು ಎಂದ. ಮನೆ, ಮಕ್ಕಳು, ದನ ಇದ್ದವರು ಹಾಸ್ಟೆಲಿನಲ್ಲಿ ಇರುವುದು ಹೇಗೆ? ಅವನಿಗೂ ಅದು ಗೊತ್ತಿತ್ತು. ನನ್ನ ಮುಖ ನೋಡಲಿಲ್ಲ.

ಮದುವೆಯಾಗದ ಕೆಲವು ಹುಡುಗಿಯರು ಹಾಸ್ಟೆಲಿಗೆ ಹೋದರು. ಅವರಲ್ಲಿ ಒಬ್ಬಳು ಅಲ್ಲೇ ಸೂಪರ್‌ವೈಸರ್ ಆಗಿ, ಸ್ಕೂಟರ್ ಕೊಂಡು, ಹಬ್ಬಕ್ಕೆ ಬಂದಾಗ ನಮ್ಮ ಮನೆಗೂ ಸಿಹಿ ತಂದುಕೊಟ್ಟಳು. ಅವಳನ್ನು ನೋಡಿ ನನಗೆ ನಿಜವಾಗಿ ಖುಷಿಯಾಯಿತು. ಉಳಿದವರು ಒಬ್ಬೊಬ್ಬರೇ ಬಸ್ಸು ಹತ್ತುವುದನ್ನು ಬಿಟ್ಟರು. ಅಕ್ಕ ಎಲ್ಲರಿಗಿಂತ ಹೆಚ್ಚು ಕಾಲ ಹಟ ಹಿಡಿದು ಹೋದರು. ಕೊನೆಗೊಂದು ದಿನ ಬಾತ ಕಾಲು ಎಳೆದುಕೊಂಡು ನಮ್ಮ ಜಗಲಿಗೆ ಬಂದು ಕೂತರು.

"ಅಮ್ಮ, ಇಲ್ಲಿ ಎಂತಾರೂ ಕೆಲ್ಸ ಇತ್ತಾ?"

ಒಡೆಯುವುದು ಅವರ ಪ್ರಾಯಕ್ಕೆ ಆಗುವುದಿಲ್ಲ. ಬೀಜದ ಎಣ್ಣೆಗೆ ಕೈ ಸುಡುತ್ತದೆ. ಗ್ರೇಡಿಂಗ್ ಕೋಣೆಗೆ ಬೀಗ ಹಾಕಿತ್ತು. ಅವರಿಗೆ ಚಾ ಕೊಟ್ಟು ಕಳಿಸಿದೆ, ಕೆಲಸ ಕೊಡಲಾಗಲಿಲ್ಲ. ಅವರು ಹೋದ ಮೇಲೆ ಬೀಗದ ಕೈ ಹುಡುಕಿ ಆ ಕೋಣೆ ತೆರೆದೆ. ಹಾಲೆಂಡಿನವನು ಹೇಳಿದನೆಂದು ಹಾಕಿಸಿದ ಟೈಲ್ಸ್ ಧೂಳು ಮುಚ್ಚಿತ್ತು. ಸಿಟ್ಟಿನಲ್ಲಿ ನಾನೇ ಪೊರಕೆ ಹಿಡಿದು ಗುಡಿಸಲು ಶುರುಮಾಡಿದೆ. ಗುಡಿಸುತ್ತಿರುವಾಗ ಒಂದು ಯೋಚನೆ ಬಂತು. ಹಾಲಾಡಿ, ಬೈಂದೂರಿನ ಕಡೆ ಮನೆಯಲ್ಲೇ ಬೀಜ ಒಡೆಯುವ ಸಣ್ಣ ಸಣ್ಣ ಘಟಕಗಳಿದ್ದವು. ಅವರಿಗೆ ವಿಂಗಡಿಸುವ ಕೋಣೆಯೂ ಇಲ್ಲ, ಪಳಗಿದ ಕೈಯೂ ಇಲ್ಲ. ಎಲ್ಲ ಬೆರಕೆ ಮಾಡಿ ಸಿಕ್ಕಿದ ಬೆಲೆಗೆ ಕೊಡುತ್ತಿದ್ದರು.

ಮರುವಾರದಿಂದ ಗಂಡನ ಬೈಕಿನ ಹಿಂದೆ ಕೂತು ಅವರ ಮನೆಮನೆಗೆ ಹೋದೆ. ನಿಮ್ಮ ಬೀಜ ನಮ್ಮಲ್ಲಿಗೆ ಕಳಿಸಿ, ವಿಂಗಡಿಸಿ ಒಳ್ಳೆಯ ಬೆಲೆಗೆ ಮಾರಿಕೊಡುತ್ತೇವೆ ಎಂದೆ. ಕೆಲವರು ನಂಬಲಿಲ್ಲ, ಕೆಲವರು ನೋಡುವ ಎಂದರು. ಬೈಂದೂರಿನ ಇಬ್ಬರು ಅಣ್ಣತಮ್ಮಂದಿರು ಮೊದಲು ಒಪ್ಪಿದರು. ಮಾವನಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಇದು ಹಾಲೆಂಡಿಗೆ ಹೋಪ್ದಾ?"

"ಇಲ್ಲ ಮಾವ. ಹೆಚ್ಚೆಂದರೆ ಹುಬ್ಬಳ್ಳಿ, ಮುಂಬಯಿ."

"ಹ್ಞಾಂ" ಎಂದರು. ಬೇಡ ಎನ್ನಲಿಲ್ಲ.

ಇದರಿಂದ ಊರು ಉದ್ಧಾರವಾಯಿತು ಎಂದು ನಾನು ಹೇಳುವುದಿಲ್ಲ. ಅಕ್ಕನೂ ಕೆಲವರೂ ಗ್ರೇಡಿಂಗಿಗೆ ಮರಳಿದರು, ಆದರೆ ಮೊದಲಿದ್ದ ಹೆಂಗಸರಲ್ಲಿ ಅರ್ಧ ಜನರಿಗೂ ಕೆಲಸ ಕೊಡಲಾಗಲಿಲ್ಲ. ಕೆಲವು ತಿಂಗಳು ಕೋಣೆ ಖಾಲಿ ಬೀಳುತ್ತದೆ. ಈಗಲೂ ಪೇಪರಿನಲ್ಲಿ ಕರಾವಳಿಗೆ ಜಗತ್ತಿನ ಬಂಡವಾಳ ಬರುತ್ತದೆ ಎಂಬ ಸುದ್ದಿ ಕಂಡರೆ ಪೂರ್ತಿ ಓದುತ್ತೇನೆ, ಓದಿ ಸಿಟ್ಟಾಗುತ್ತೇನೆ. ಬರಲಿ ಎಂಬ ಆಸೆ ಹೋಗದೇ ಇರುವುದಕ್ಕೇ ಆ ಸಿಟ್ಟು. ಹೆದ್ದಾರಿ ಒಂದು ಕಡೆಯಿಂದ ಮುಗಿಯುತ್ತ ಬಂತು. ನಮ್ಮ ರಸ್ತೆಯ ಎದುರು ನಡುವೆ ಕಾಂಕ್ರೀಟಿನ ಗೋಡೆ ಎದ್ದಿತು, ದಾಟಲು ಜಾಗ ಬಿಡಲಿಲ್ಲ. ಬೈಂದೂರಿನಿಂದ ಬರುವ ಟೆಂಪೋ ಮುಂದೆ ಎಲ್ಲೋ ಹೋಗಿ ತಿರುಗಿ ಬರಬೇಕು. ಕೇಳಿದರೆ, ವಿನ್ಯಾಸ ದಿಲ್ಲಿಯಲ್ಲಿ ಆದದ್ದು ಎನ್ನುತ್ತಾರೆ.

ಬಿಜೂರಿನ ಬಸ್ಸು ಅಕ್ಕನನ್ನು ಆಚೆ ಬದಿಯಲ್ಲಿ ಇಳಿಸಿ ಹೋಗುತ್ತದೆ. ಲಾರಿಗಳು ಹಾರಿಸಿಕೊಂಡು ಬರುವ ರಸ್ತೆ. ಹಾಗಾಗಿ ಬೆಳಿಗ್ಗೆ ನಾನು ದಾಟಿ ಹೋಗಿ ಅವರಿಗಾಗಿ ಕಾಯುತ್ತೇನೆ. ಊಟದ ಬುತ್ತಿ ನನ್ನ ಕೈಗೆ ಕೊಟ್ಟು, ಸೀರೆ ತುಸು ಎತ್ತಿ ಹಿಡಿದು ಅವರು ಗೋಡೆ ಹತ್ತುತ್ತಾರೆ. ಅಷ್ಟರಲ್ಲಿ ನಾನು ಈಚೆ ಇಳಿದಿರುತ್ತೇನೆ, ಅವರು ಇಳಿಯುವಾಗ ನನ್ನ ಭುಜ ಹಿಡಿಯುತ್ತಾರೆ. ಇಬ್ಬರೂ ರಸ್ತೆ ಮಾಡಿದವರಿಗೆ ಸಮಾ ಬೈದುಕೊಂಡು ಫ್ಯಾಕ್ಟರಿಗೆ ನಡೆಯುತ್ತೇವೆ.